ಹಾಲಕ್ಕಿಯ ಕಣ್ಣು

ಶಕುನ, ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ನಗುತ್ತಿದ್ದವಳು ನಾನು. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಆದರೆ ಮೊದಲಿನ ಹಾಗೆ ನಗಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ಕೆಲವು ವರ್ಷಗಳ ಹಿಂದೆ ನನಗೆ ಹಕ್ಕಿಗಳ ಚಿತ್ರ ಬರೆಯುವ ಹುಚ್ಚು ಹತ್ತಿತು. ಮಲ್ಲತ್ತಹಳ್ಳಿ ಕೆರೆ ನಮ್ಮ ಮನೆಗೆ ಹತ್ತಿರ. ಪುಸ್ತಕ, ಪೆನ್ಸಿಲ್, ಬಣ್ಣ ಹಿಡಿದು ಹೋಗಿ ಕೂರುತ್ತಿದ್ದೆ. ಕಂಡ ಹಕ್ಕಿಯನ್ನು ಬರೆಯುವುದು, ಪಕ್ಕದಲ್ಲಿ ಅದು ಏನು ತಿಂದಿತು, ಬಿಸಿಲು ಹೇಗಿತ್ತು ಅಂತ ಗುರುತು ಹಾಕಿಕೊಳ್ಳುವುದು. ಶುರುವಿನಲ್ಲಿ ನನ್ನ ಬೆಳ್ಳಕ್ಕಿಗಳೆಲ್ಲ ಕಾಲು ಬಂದ ಸೋರೆಕಾಯಿಯ ಹಾಗಿದ್ದವು.

ನಮ್ಮತ್ತೆ ದಾವಣಗೆರೆ ಕಡೆಯವರು. ಆ ಹೊತ್ತಿಗೆ ಅವರಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬರೀ ಮಂಜು. ಚಿತ್ರ ಕಾಣದಿದ್ದರೂ ಉಪದೇಶಕ್ಕೇನೂ ಕಡಿಮೆಯಿರಲಿಲ್ಲ.

"ಕಣ್ಣು ಕಡೀಗೆ ಇಡವ್ವಾ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ನಾವು ಗುಲಗಂಜಿ ಕಣ್ಣು ಕಡೀಗೇ ಇಡ್ತಿದ್ವಿ. ಆಗ ಜೀವ ಬರ್ತತಿ ಅದಕ್ಕೆ."

ವೀಡಿಯೊ ನೋಡಿ ಕಲಿತ ನಾನು ಮೊದಲು ಬರೆಯುತ್ತಿದ್ದದ್ದೇ ಕಣ್ಣು. ಹೂಂ ಅಂದು ನನ್ನ ಪಾಡಿಗೆ ಇರುತ್ತಿದ್ದೆ.

ಉಳಿದಿದ್ದ ಆ ಕಣ್ಣಿಗೆ ಹತ್ತಿರದ ವಿಜಯನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನೋಟ ಬರುತ್ತದೆ ಅಂತ ಡಾಕ್ಟರು ಭರವಸೆ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಬೇಕಿತ್ತು. ರೋಗಿಯ ಜೊತೆ ಒಬ್ಬರನ್ನೇ ಬಿಡುತ್ತಿದ್ದರಿಂದ ನನ್ನ ಗಂಡ ಅಲ್ಲಿದ್ದರು. ಆ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ನಾನು ಕೆರೆಗೆ ಹೋದೆ.

ಹೊಂಗೆ ಮರದ ಪೊಟರೆಯ ಬಾಯಲ್ಲಿ ಹಾಲಕ್ಕಿ, ಅಂಗೈಯಗಲದ ಗೂಬೆ, ಬಿಸಿಲು ಕಾಯಿಸುತ್ತ ಕೂತಿತ್ತು. ಅತ್ತೆಯ ಮಾತು ನೆನಪಾಯಿತು. ಅವತ್ತು ಮೊದಲ ಸಲ ಕಣ್ಣಿನ ಜಾಗ ಬಿಟ್ಟು ಮಿಕ್ಕದ್ದೆಲ್ಲ ಬರೆದೆ. ಕೊನೆಗೆ ಕಣ್ಣುಗಳಿಗೆ ಹಳದಿ ಹಚ್ಚಿದೆ. ಮನಸ್ಸೆಲ್ಲ ಆಸ್ಪತ್ರೆಯಲ್ಲಿತ್ತು, ಒಂದು ಚಿಕ್ಕದಾಯಿತು. ಅದರ ಬಣ್ಣ ಇನ್ನೂ ಹಸಿಯಾಗಿದ್ದಾಗ ಗಂಡನ ಫೋನು ಬಂತು.

"ಕಾಣ್ತಿದೆ ಕಣೇ! ನನ್ನ ಶರ್ಟಿನ ಗುಂಡಿ ಕಿತ್ತೋಗಿದೆ ಅಂತ ಬೈದ್ಳು ಅಮ್ಮ!"

ಕಲ್ಲುಬೆಂಚಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ವಾಕಿಂಗ್ ಬಂದವರು ನಿಂತು ನೋಡಿದರು, ನೋಡಲಿ ಬಿಡಿ. ಎದೆಯ ಮೇಲಿದ್ದ ಕಲ್ಲು ಇಳಿದಿತ್ತು.

"ಇನ್ನೊಂದು ವಿಷ್ಯ," ಅಂದರು ಅವರು. "ಪಟ್ಟಿ ಬಿಚ್ಚೋಕೆ ಮುಂಚೆ, ಎರಡು ಹಳದಿ ಕಣ್ಣು ಕಾಣ್ತಾವೆ, ಒಂದು ಸಣ್ಣದು ಅಂತಿದ್ಳು. ನಂಗೆ ಗಾಬ್ರಿ ಆಗೋಯ್ತು."

ಪಟ್ಟಿಯೊಳಗೆ ಹೀಗೆ ಬಣ್ಣ ಕಾಣುವುದುಂಟು ಅಂತ ಡಾಕ್ಟರು ಹೇಳಿದರಂತೆ. ಇರಬಹುದು. ಆದರೆ ಒಂದು ಸಣ್ಣದು ಅಂತ ಅತ್ತೆಗೆ ಹೇಗೆ ಗೊತ್ತಾಯಿತು? ನನಗೆ ಇವತ್ತಿಗೂ ತಿಳಿಯದು. ಅತ್ತೆಯನ್ನು ಕೇಳಿದರೆ "ಕಂಡ್ತು, ಹೇಳ್ದೆ" ಅನ್ನುತ್ತಾರೆ, ಅಷ್ಟೇ.

ಈಗ ನಾನು ಹಕ್ಕಿ ಬರೆದು, ಕಣ್ಣಿನ ಜಾಗ ಬಿಟ್ಟು, ಪುಸ್ತಕವನ್ನು ಅವರ ಮುಂದಿಡುತ್ತೇನೆ. ಅವರು ಕನ್ನಡಕ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಚುಕ್ಕೆ ಇಡುತ್ತಾರೆ. ನಾನು ಅವರ ಕಣ್ಣನ್ನೇ ನೋಡುತ್ತಿರುತ್ತೇನೆ.