ಹೃದಯ ಶಿಬಿರಕ್ಕೆ ಬಜ್ಜಿ ಕರಿದ ಅನಸೂಯಮ್ಮ

ಹಳ್ಳಿಮೈಸೂರಿನ ಸುತ್ತ ಯಾರ ಮನೆಯಲ್ಲಿ ನಾಮಕರಣವಿರಲಿ, ತಿಥಿಯಿರಲಿ, ಒಲೆ ಮುಂದೆ ಅನಸೂಯಮ್ಮನೇ. ನೂರು ಜನಕ್ಕೆ ಎಷ್ಟು ಅಕ್ಕಿ ಎಂದರೆ ಬೆರಳು ಮಡಿಸದೆ ಹೇಳುವ ಹೆಂಗಸು. ಮೂರು ತಿಂಗಳಿಂದ ಮಾತ್ರ ತಪ್ಪಲೆ ಎತ್ತಿದರೆ ಎದೆ ಹಿಡಿದು, ನೋವು ಎಡದೋಳಿಗೆ ಇಳಿಯುತ್ತಿತ್ತು. ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದು ಮತ್ತೆ ಎತ್ತುತ್ತಿದ್ದಳು. ಹೆಂಗಸರ ಎದೆಯೊಳಗೆ ಗ್ಯಾಸು ಬಿಟ್ಟು ಬೇರೇನೂ ಇರುವುದಿಲ್ಲವೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತಲ್ಲ!

ಒಂದು ಭಾನುವಾರ ಊರಿಗೆ ಹೃದಯ ತಪಾಸಣಾ ಶಿಬಿರ ಬಂತು. ಏರ್ಪಾಡು ಗೊಬ್ಬರದಂಗಡಿ ಪಾಲಾಕ್ಷನ ಸಂಘದ್ದು. ಊರಿನ ಹೃದಯ ಕಾಪಾಡಲು ಹೊರಟ ಈ ಪುಣ್ಯಾತ್ಮ ತಿಂಡಿಗೆ ಹೇಳಿದ್ದು ತುಪ್ಪ ಸುರಿದ ಕೇಸರಿಬಾತು, ಮೆಣಸಿನಕಾಯಿ ಬಜ್ಜಿ.

"ಪಾಲಾಕ್ಷಣ್ಣ, ನಂಗೂ ಒಂದು ಇಸಿಜಿ ಮಾಡುಸ್ಬುಡಿ."

"ಅದ್ಕೇನಂತೆ, ಮೊದ್ಲು ಶಿಬಿರದ ಪುಸ್ತಕ್ದಲ್ಲಿ ರುಜು ಹಾಕಿ ಒಲೆ ಹಚ್ಚವ್ವ."

ಹಾಕಿದಳು. ಮುಂದುಗಡೆ 'ಎಣ್ಣೆ ಬಿಡಿ' ಎಂಬ ಭಾಷಣ, ಹಿತ್ತಲಲ್ಲಿ ಆಕೆಯ ಬಾಣಲೆ. ಎಲ್ಲರಿಗಿಂತ ಮೊದಲು ಪಾಲಾಕ್ಷನೇ ಮಂಚ ಹತ್ತಿದ. ಫೋಟೊದಲ್ಲಿ ಶಾಲು ಬರಲಿಲ್ಲವೆಂದು ಎದ್ದು, ಶಾಲು ಹೊದ್ದು ಇನ್ನೊಮ್ಮೆ ಮಲಗಿದ. ಅವನನ್ನು ನೋಡಿ ಗಣ್ಯರೆಲ್ಲ ಎರಡೆರಡು ಸಲ ಮಲಗಿದರು. ಅನಸೂಯಮ್ಮ ಕೈ ತೊಳೆದು ಬರುವಷ್ಟರಲ್ಲಿ, ಡೈರಿಗೆ ಹಾಲು ಹಾಕಿ ಬಂದ ಹೆಂಗಸರು ಸಾಲು ನಿಲ್ಲುವಷ್ಟರಲ್ಲಿ, ಇಸಿಜಿ ಕಾಗದದ ಸುರುಳಿಯೇ ಮುಗಿದಿತ್ತು.

"ಮುಂದಿನ್ ಸಲ ನೋಡಣ ಬುಡಮ್ಮ," ಎಂದ ಪಾಲಾಕ್ಷ, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ. "ಶಿಬಿರ ಚೆನ್ನಾಗಾಯ್ತು. ನಾಳೆ ನಮ್ಮನೇಲಿ ಒಬ್ಬಟ್ಟಿನೂಟ. ಏಳಕ್ಕೆಲ್ಲ ಬಂದ್ಬುಡು."

ಎದೆಯಿಂದ ತೋಳಿಗಿಳಿಯುವ ನೋವನ್ನು ಅನಸೂಯಮ್ಮ ಹೇಳಿಕೊಂಡಾಗ, ಇಸಿಜಿ ತೆಗೆಯಲು ಬಂದಿದ್ದ ನರ್ಸ್ ಸಿಂಧು ಪುಸ್ತಕ ತಿರುವಿದಳು. ಸಂಘದ ಗುಮಾಸ್ತ ಬೆಳಿಗ್ಗೆಯೇ ಎಲ್ಲರ ರುಜುವಿನ ಮುಂದೆ 'ಸಹಜ' ಎಂದು ತುಂಬಿಟ್ಟಿದ್ದ. ಅದನ್ನು ತೋರಿಸಿ ಪಿಸುಗುಟ್ಟಿದಳು: "ಅಕ್ಕಾ, ತೋಳಿಗೆ ಇಳಿಯೋ ನೋವು ಗ್ಯಾಸಲ್ಲ. ಬೆಳಿಗ್ಗೆನೇ ಹೊಳೆನರಸೀಪುರದ ಆಸ್ಪತ್ರೆಗೆ ಬನ್ನಿ, ನಾನಿರ್ತೀನಿ."

ಹೇಳಿದ ಅಡುಗೆ ತಪ್ಪಿಸಿದವಳಲ್ಲ ಅನಸೂಯಮ್ಮ. ಆದರೂ ಸೋಮವಾರ ಬಸ್ಸು ಹತ್ತಿದಳು. ಆಸ್ಪತ್ರೆಯ ಮಂಚದಲ್ಲಿ ಸಿಂಧು ವೈರು ಅಂಟಿಸುವಾಗ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯಮ್ಮ? ಕಣಕ ಕಲ್ಸೋರೇ ಇಲ್ಲ ಕಣವ್ವ!"

"ನನ್ನೆದೆ ನೋಡ್ದೆನೇ ಸಹಜ ಅಂತ ಬರ್ಕಂಡ್ರಲ್ಲ ಪಾಲಾಕ್ಷಣ್ಣ, ಒಬ್ಬಟ್ನೂ ತಿಂದಾಯ್ತು ಅಂತ ಬರ್ಕಳಿ."

"ಅಕ್ಕಾ, ನಗಿಸ್ಬೇಡಿ. ನೀವೂ ಅಲ್ಲಾಡ್ಬೇಡಿ," ಎಂದಳು ಸಿಂಧು. ಕಾಗದ ಹೊರಬಂದಂತೆ ಅವಳ ನಗು ನಿಂತಿತು. ಡಾಕ್ಟರು ಗೆರೆ ನೋಡಿದವರೇ ಹಾಸನಕ್ಕೆ ಆಂಬುಲೆನ್ಸ್ ಕರೆಸಿದರು.

ಅನಸೂಯಮ್ಮ ಉಳಿದಳು. ಈಗ ಕುರ್ಚಿಯಲ್ಲಿ ಕೂತು ಅಡುಗೆ ಹೇಳಿಕೊಡುತ್ತಾಳೆ, ತಪ್ಪಲೆ ಎತ್ತುವುದು ಗಂಡಸರು. ಪಾಲಾಕ್ಷನ ಪುಸ್ತಕದಲ್ಲಿ ಆಕೆ ಇವತ್ತಿಗೂ ಸಹಜ. ಅವಳ ಹಿಂದೆ ಸಾಲು ನಿಂತಿದ್ದ ಹೆಂಗಸರ ಎದೆಯಲ್ಲಿ ಏನಿದೆ ಎಂದು ಇನ್ನೂ ಯಾರೂ ನೋಡಿಲ್ಲ.