ಜರಡಿಯಮ್ಮನ ಸೊಪ್ಪಿನ ಮಡಿ

ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿದವಳನ್ನು ಎಲ್ಲರೂ ಜರಡಿಯಮ್ಮ ಎನ್ನುತ್ತಿದ್ದರು. ಒಳಗಿನ ಯಂತ್ರಗಳ ತಲೆಬುಡ ಅವಳಿಗೆ ತಿಳಿಯದು. ಆದರೆ ಚಿಟಿಕೆ ಮಣ್ಣು ಉಜ್ಜಿ ಮೂಸಿದರೆ ಸಾಕು, ಇಲ್ಲಿ ಇಟ್ಟಿಗೆ ಗೂಡಿತ್ತು, ಇಲ್ಲಿ ಚರ್ಮ ಹದ ಮಾಡುತ್ತಿದ್ದರು ಎಂದುಬಿಡುವಳು. ಮೂವತ್ತು ವರ್ಷದ ಹಿಂದೆ ಮುಚ್ಚಿದ ಕಾರ್ಖಾನೆಯ ಸೀಸ ಇಷ್ಟು ಮಳೆಗೂ ಕೊಚ್ಚಿಹೋಗದೆ ಅಲ್ಲೇ ಠಿಕಾಣಿ ಹೂಡುವುದು ಹೇಗೆಂದು ಕೇಳಿ ಕೇಳಿ ಕೆಮಿಸ್ಟರ ತಲೆ ತಿನ್ನುತ್ತಿದ್ದಳು. ಉಪ್ಪು ನೀರಲ್ಲಿ ಇಳಿದುಹೋಗುತ್ತದೆ, ಸೀಸ ಜೇಡಿಮಣ್ಣಿಗೆ ಅಂಟಿಕೊಂಡು ಕೂರುತ್ತದೆ ಎಂದು ಅವರೂ ಬೇಸರಿಸದೆ ಹೇಳುತ್ತಿದ್ದರು.

ಪರೀಕ್ಷೆಗೆ ಬೇಕಾದದ್ದು ಒಂದೆರಡು ಚಮಚ ಮಣ್ಣು. ಉಳಿದದ್ದನ್ನು ದೂರದ ಗುಂಡಿಗೆ ಕಳಿಸಬೇಕೆಂಬುದು ನಿಯಮ. ತಾನೇ ಹಿಟ್ಟಿನಂತೆ ಜರಡಿ ಹಿಡಿದ ಮಣ್ಣನ್ನು ಎಸೆಯಲು ಅವಳಿಗೆ ಮನಸ್ಸಾದರೂ ಹೇಗೆ ಬಂದೀತು? ನಾತ ಬಂದದ್ದನ್ನು ಬಿಟ್ಟು ಮಿಕ್ಕಿದ್ದನ್ನು ಕೆಲಸಕ್ಕೆ ಸೇರಿದ ವರ್ಷದಿಂದಲೇ ದಿನಕ್ಕೊಂದು ಚೀಲ ಮನೆಗೆ ತಂದು ಹಿತ್ತಲ ಸೊಪ್ಪಿನ ಮಡಿಗೆ ಸುರಿದಳು. ತನ್ನ ಮೂಗಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಸೊಪ್ಪೂ ಸೊಂಪಾಗಿಯೇ ಬಂತು, ಮನೆಯ ಸಾರಿಗೆ ದಿನವೂ ಅದೇ.

ನಿವೃತ್ತಿಯ ವಾರ ಒಂದು ಕುತೂಹಲ ಹುಟ್ಟಿತು. ಊರೂರಿನ ಮಣ್ಣು ಸೇರಿದ ತನ್ನ ಮಡಿಯ ಬಗ್ಗೆ ಯಂತ್ರ ಏನೆಂದೀತು? ‘ಹಿತ್ತಲು’ ಎಂದಷ್ಟೇ ಚೀಟಿ ಅಂಟಿಸಿ ಒಂದು ಚೀಲ ಒಳಗೆ ಕಳಿಸಿದಳು.

ಮೂರನೆಯ ದಿನ ಕೆಮಿಸ್ಟರು ಕಾಗದ ಹಿಡಿದು ಬಂದರು.

“ಇದ್ಯಾವ ಜಾಗದ್ದಮ್ಮ? ಹಣ್ಣಿನ ತೋಟಕ್ಕೆ ಹೊಡೆಯೋ ಔಷಧಿಯ ತಾಮ್ರ ಇದೆ, ಬ್ಯಾಟರಿ ಅಂಗಡಿ ಸೀಸ ಇದೆ. ಒಂದೇ ಕಡೆ ಇಷ್ಟೆಲ್ಲ ಹೇಗೆ ಬಂತು?”

ಒಗಟು ಹಾಕಿ ಗೆದ್ದ ಖುಷಿಯಲ್ಲಿ ಅವಳು ನಕ್ಕು, ನಮ್ಮನೆಯದೇ ಎಂದು ಇದ್ದದ್ದನ್ನೆಲ್ಲ ಹೇಳಿದಳು. ಅವರು ನಗಲಿಲ್ಲ.

“ನಾತ ಬಂದದ್ದನ್ನ ನಾನು ಮುಟ್ಟಿಲ್ಲ ಸಾರ್.”

“ಸೀಸಕ್ಕೆ ವಾಸನೆ ಇರಲ್ಲಮ್ಮ.”

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದು ಅವರು ಕೇಳಿದಾಗ ಜರಡಿಯಮ್ಮ ಆ ಕ್ಷಣವೇ ಮನೆಗೆ ಹೊರಟಳು. ಎರಡು ವರ್ಷದ ಮೊಮ್ಮಗಳು ದಿನವೂ ಆ ಮಡಿಯಲ್ಲೇ ಕೂತು ಲೋಟಕ್ಕೆ ಮಣ್ಣು ತುಂಬುತ್ತಾಳೆ, ಅದೇ ಬೆರಳನ್ನು ಚೀಪುತ್ತಾಳೆ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಹಿತ್ತಲಿಗೆ ನಡೆದು ಮಗುವನ್ನು ಎತ್ತಿಕೊಂಡಳು. ಒಲೆಯ ಮುಂದಿದ್ದ ಸೊಸೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಕೊನೆಗೆ, “ನಾನೇ ಹಾಕಿದ ಮಣ್ಣು ಕಣಮ್ಮ. ನನ್ನನ್ನ ಏನು ಬೇಕಾದ್ರೂ ಅನ್ನು” ಎಂದಳು.

ಸೊಸೆ ಒಲೆ ಆರಿಸಿ, ಮಗುವಿನ ಕೈ ತೊಳೆದು, ಅಂಗಿ ಬದಲಿಸಿದಳು. ರಕ್ತ ಪರೀಕ್ಷೆ ಮಾಡಿಸಬೇಕೆಂದು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು.

“ನೀವೂ ಬನ್ನಿ ಅತ್ತೆ. ಆ ಮಡಿಯದ್ದನ್ನ ಮಗು ತಿಂದಿರೋದು ಹೆಚ್ಚಂದ್ರೆ ಎರಡು ವರ್ಷ. ನೀವು ಇಪ್ಪತ್ತೆರಡು ವರ್ಷ ತಿಂದಿದ್ದೀರಿ.”