ಓದದೆ ಸೈನ್ ಹಾಕುವ ಗಂಡ

ನನ್ನ ಗಂಡನಿಗೆ ದೋಸೆ ಹಿಟ್ಟಿನ ಹುಚ್ಚು ಹಿಡಿದ ವರ್ಷ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ಅವರ ಕಾಲೇಜು ಗೆಳೆಯ, ರುಬ್ಬಿದ ಹಿಟ್ಟನ್ನು ಡಬ್ಬಿಗೆ ತುಂಬಿ ಇಂಡಿಯನ್ ಅಂಗಡಿಗಳಿಗೆ ಮಾರುವ ಫ್ಯಾಕ್ಟರಿ ತೆಗೆಯುವವನಿದ್ದ. ಇವರು ಪಾಲುದಾರರಾಗಿ ಸಾಲಕ್ಕೆ ಸಹಿ ಹಾಕಬೇಕಿತ್ತು. ಮನೆಯಲ್ಲಿ ಮಿಕ್ಸಿಯ ಮುಚ್ಚಳವನ್ನು ಸರಿಯಾಗಿ ಹಾಕಲು ಬಾರದ ಮನುಷ್ಯ ಹಿಟ್ಟು ಮಾರಲು ಹೊರಟಿದ್ದರು.

ನಾನು ಬೇಡ ಎನ್ನಲಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಅವರ ಮುಖ ಬಾಡಿದ್ದು ನನಗೂ ಕಾಣುತ್ತಿತ್ತು. ಆದರೆ ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನ ಈ ಮನೆಯ ವಿಷಯದಲ್ಲಿ ನಾನು ಜಗ್ಗುವವಳಲ್ಲ. ಕೆಲಸದ ವೀಸಾದ ಮೇಲಿದ್ದ ಕಾಲದಲ್ಲಿ ಅವರ ಪ್ರಾಜೆಕ್ಟ್ ಬದಲಾದಾಗಲೆಲ್ಲ ಅಪಾರ್ಟ್‌ಮೆಂಟ್ ಬದಲಿಸಿ, ಪ್ರತಿ ಸಲ ಅದೇ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಸುತ್ತಿ ಸಾಕಾಗಿ ಹೋಗಿತ್ತು. ಇನ್ನೊಮ್ಮೆ ಸುತ್ತುವುದು ನನ್ನಿಂದಾಗದು.

“ಹಿಟ್ಟು ಕೆಟ್ರೆ ಚೆಲ್ಲಬಹುದು ರೀ, ಮನೆ ಹೋದ್ರೆ ಏನ್ ಮಾಡೋದು?” ಎಂದೆ. “ಮನೆ ನನ್ನ ಹೆಸರಿಗಿರಲಿ. ಫ್ಯಾಕ್ಟರಿ ಲಾಭ-ನಷ್ಟ ನಿಮ್ದು. ಲಾಯರ್ ಹತ್ರ ಬರೆಸೋಣ.”

“ಬರೆಸು. ಎಲ್ಲಿ ಹೇಳ್ತೀಯೋ ಅಲ್ಲಿ ಸೈನ್ ಹಾಕ್ತೀನಿ,” ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ. ಇಂಥ ಗಂಡ ಯಾರಿಗುಂಟು ಎಂದು ನನಗೆ ಹೆಮ್ಮೆಯಾಯಿತು.

ತೊಡಕು ಶುರುವಾದದ್ದೇ ಅಲ್ಲಿಂದ. ಹತ್ತಿರದ ಸ್ಕೋಕಿಯಲ್ಲಿರುವ ನನ್ನ ಲಾಯರ್, ಕನ್ನಡ ಕೂಟದಲ್ಲಿ ಪರಿಚಯವಾದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಮದುವೆಯಾದ ಮೇಲೆ ಗಂಡ ಹೆಂಡತಿ ಮಾಡಿಕೊಳ್ಳುವ ಒಪ್ಪಂದ ಕೋರ್ಟಿನಲ್ಲಿ ನಿಲ್ಲಬೇಕಾದರೆ ಆಸ್ತಿಯಾಗಲಿ ಸಾಲವಾಗಲಿ ಇಬ್ಬರೂ ಯಾವುದನ್ನೂ ಮುಚ್ಚಿಡಬಾರದು, ಯಾರೂ ಯಾರನ್ನೂ ಒತ್ತಾಯಿಸಿರಬಾರದು, ಇಬ್ಬರಿಗೂ ಬೇರೆ ಬೇರೆ ಲಾಯರ್ ಇದ್ದರೆ ಒಳ್ಳೆಯದು ಎಂದಳು. ಇವರು ಶಾಸ್ತ್ರಕ್ಕೆಂದು ಒಬ್ಬ ಲಾಯರನ್ನು ಹಿಡಿದು, ನನ್ನ ಹೆಂಡತಿ ಬರೆಸಿದ್ದೇ ಫೈನಲ್ ಎಂದು ಅವನಿಗೆ ಹೇಳಿ ಬಂದರು. ಅವನು ಓದಿ ಬನ್ನಿ ಎಂದು ಕೊಟ್ಟ ಒಪ್ಪಂದದ ಕರಡನ್ನು ಕಾರಿನ ಹಿಂದಿನ ಸೀಟಿಗೆ ಎಸೆದರು.

ಇದನ್ನು ಹೇಳಿದಾಗ ನನ್ನ ಲಾಯರ್ ಹುಡುಗಿ ಪೆನ್ ಕೆಳಗಿಟ್ಟಳು. “ಆಂಟಿ, ದಟ್ಸ್ ಅ ಪ್ರಾಬ್ಲಮ್. ಅಂಕಲ್ ಓದ್ಲೇಬೇಕು. ನಾಳೆ ಅವರು, ನಾನು ಓದಿಲ್ಲ, ವೈಫ್ ಹೇಳಿದ್ರು, ಸೈನ್ ಮಾಡಿದೆ ಅಂದ್ರೆ, ಜಡ್ಜ್ ಇದನ್ನ ಒಪ್ಪದೇ ಇರಬಹುದು.”

ಮನೆಗೆ ಬಂದು ಓದಿ ಎಂದರೆ ಇವರಿಗೆ ಅವಮಾನ. “ಇಷ್ಟು ವರ್ಷದಲ್ಲಿ ಟ್ಯಾಕ್ಸ್ ಪೇಪರ್, ಮಾರ್ಟ್‌ಗೇಜ್ ಪೇಪರ್, ನೀನು ಕೊಟ್ಟಿದ್ದು ಒಂದಾದ್ರೂ ಓದಿದೀನೇನೆ? ಓದೋದು ಅಂದ್ರೆ ನಿನ್ನ ಮೇಲೆ ಡೌಟ್ ಪಟ್ಟ ಹಾಗೆ.” ನನಗೆ ಮೈಯೆಲ್ಲ ಉರಿಯಿತು. ಪ್ರೀತಿಯಲ್ಲೂ ಇಷ್ಟು ಮೊಂಡುತನವೇ? ಅವರ ನಂಬಿಕೆಯಿಂದಲೇ ನನ್ನ ಮನೆ ಕೈತಪ್ಪುವ ಹಾಗಿತ್ತು.

ನವೆಂಬರ್‌ನ ಒಂದು ಶನಿವಾರ ಫ್ಯಾಕ್ಟರಿಯ ಜಾಗ ನೋಡಲು ಫಾರ್ಮಿಂಗ್ಟನ್ ಹಿಲ್ಸ್‌ಗೆ ಹೊರಟೆವು. ಇವರು ಓದಲಿ ಎಂದು ನಾನೇ ಡ್ರೈವ್ ಮಾಡಿದೆ. ಓಡುವ ಕಾರಿನಲ್ಲಿ ಓದಿದರೆ ತಲೆ ಸುತ್ತುತ್ತದೆ ಎಂದರು. ಅರ್ಧ ದಾರಿಯ ಕ್ಯಾಲಮಜೂ ಊರು ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಚಿತ್ರಾನ್ನದ ಡಬ್ಬಿಯನ್ನೂ ಕರಡನ್ನೂ ಅವರ ತೊಡೆಯ ಮೇಲಿಟ್ಟು, ಕೀಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

“ಈಗ ತಲೆ ಸುತ್ತಲ್ಲ, ಓದಿ. ಮುಗಿಸೋವರೆಗೂ ಗಾಡಿ ತೆಗೆಯಲ್ಲ.”

ನನ್ನನ್ನು ಗೋಳು ಹೊಯ್ದುಕೊಳ್ಳಲೆಂದೇ, ಅವಸರದ ಪುರೋಹಿತರು ಮಂತ್ರ ಹೇಳುವ ಹಾಗೆ ಗಟ್ಟಿಯಾಗಿ ಗಡಗಡ ಓದತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಅರ್ಧ ದಾಟಿದ ಮೇಲೆ ದನಿ ನಿಂತಿತು. ಮುಂದಿನದನ್ನು ಸದ್ದಿಲ್ಲದೆ ಓದಿದರು. ಒಂದು ಪುಟ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಓದಿದರು.

“ಬೇರೆ ಆದ್ರೆ ಮೂವತ್ತು ದಿನದಲ್ಲಿ ನಾನು ಮನೆ ಬಿಡ್ಬೇಕಾ?”

“ಅದೆಲ್ಲ ಲಾಯರ್ ಎಲ್ಲರಿಗೂ ಹಾಕೋ ಮಾತು ರೀ.”

“ಅದು ಜನವರೀಲಿ ಆದ್ರೆ? ಈ ಚಳೀಲಿ ನಾನು ಎಲ್ಲಿಗೆ ಹೋಗ್ಲಿ? ಚಳಿ ಮುಗಿಯೋವರೆಗಾದ್ರೂ ಇರ್ತೀನಿ ಅಂತ ಬರೆಸು.”

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಮನಸ್ಸಿನಲ್ಲಿ ಅವರಾಗಲೇ ಸೂಟ್‌ಕೇಸ್ ಹಿಡಿದು ನಮ್ಮ ಡ್ರೈವ್‌ವೇಯ ಸ್ನೋ ಮೇಲೆ ನಿಂತುಬಿಟ್ಟಿದ್ದರು. ಕಾಗದವನ್ನು ಕಿತ್ತುಕೊಂಡು ಹರಿದು ಹಾಕೋಣ ಎನ್ನಿಸಿತು, ಆದರೆ ಹರಿಯಲಿಲ್ಲ.

“ಮೇ ತಿಂಗಳವರೆಗೆ ಅಂತ ಬರೆಸ್ತೀನಿ,” ಎಂದೆ. ತಲೆಯಾಡಿಸಿ ಮುಂದಿನ ಪುಟ ತೆಗೆದರು. ಚಿತ್ರಾನ್ನದ ಡಬ್ಬಿಯನ್ನು ಅವತ್ತು ಇಬ್ಬರೂ ಮುಚ್ಚಳ ತೆಗೆಯದೆ ವಾಪಸ್ ತಂದೆವು.

ತಿದ್ದುಪಡಿಯ ಮಾತು ಕೇಳಿ ಲಾಯರ್ ಹುಡುಗಿಗೆ ಖುಷಿಯೋ ಖುಷಿ. “ಪರ್ಫೆಕ್ಟ್ ಆಂಟಿ! ಅಂಕಲ್ ಓದಿ, ಥಿಂಕ್ ಮಾಡಿ, ಚೇಂಜ್ ಕೇಳಿದಾರೆ. ಇದಕ್ಕಿಂತ ಬೇರೆ ಪ್ರೂಫ್ ಬೇಡ.” ಸಹಿಗಳಾದವು, ಮನೆಯ ಪತ್ರವೂ ನನ್ನ ಹೆಸರಿಗಾಯಿತು. ಹಿಟ್ಟಿನ ವ್ಯಾಪಾರ ಕುಂಟುತ್ತಾ ನಡೆದಿದೆ, ಮನೆ ಭದ್ರವಾಗಿದೆ. ನನಗೆ ಬೇಕಾದದ್ದು ಸಿಕ್ಕಿದೆ, ಇಲ್ಲವೆನ್ನಲಾರೆ.

ಕಳೆದ ವಾರ ಕಾರ್ ಇನ್ಶೂರೆನ್ಸಿನ ಕಾಗದವನ್ನು ಅವರ ಮುಂದಿಟ್ಟು “ಇಲ್ಲೊಂದು ಸೈನ್ ಹಾಕಿ,” ಎಂದೆ. ಮೊದಲಾಗಿದ್ದರೆ ಫೋನ್ ಕಿವಿಗಿಟ್ಟುಕೊಂಡೇ ಗೀಚಿ ಕೊಡುತ್ತಿದ್ದರು. ಈಗ ಕನ್ನಡಕ ಹುಡುಕಿ ಹಾಕಿಕೊಂಡು ಹೇಳಿದರು, “ಅಲ್ಲಿಟ್ಟಿರು, ಓದಿ ಹಾಕ್ತೀನಿ.”